ಸೆಟ್ಟಿಂಗ್ ಪುಸ್ತಕ ಕೊಳ್ಳಿ, ಆದರೆ ಪೂರ್ತಿ ಓದಲು ಕೂರಬೇಡಿ

ಹುಬ್ಬಳ್ಳಿಯಲ್ಲಿ ಭಾನುವಾರ ನಾವು ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರಾಗನ್ಸ್ ಆಡುತ್ತೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ಕಟ್ಟುವ ಆಟ. ಅದನ್ನು ನಡೆಸುವ ಗೇಮ್ ಮಾಸ್ಟರ್ ನಾನೇ. ಹೊಸ ಗೇಮ್ ಮಾಸ್ಟರ್‌ಗಳು ಕೇಳುತ್ತಿರುತ್ತಾರೆ, ಆಟದ ಲೋಕದ ಊರು, ದೇವರು, ಜನ ಎಲ್ಲ ವಿವರಿಸುವ ಸೆಟ್ಟಿಂಗ್ ಪುಸ್ತಕ ಬೇಕಾ, ಸುಮ್ನೆ ದುಡ್ಡು ದಂಡನಾ ಅಂತ. ಒಂದಾದರೂ ಇರಲಿ. ಆದರೆ ನನ್ನ ಹಾಗೆ ಮಾಡಬೇಡಿ. ನಾನು ಎರಡು ತಿಂಗಳು ಕೂತು ರಾಜರ ವಂಶಾವಳಿ ಬಾಯಿಪಾಠ ಮಾಡಿದೆ, ಆಟಗಾರರು ಮೊದಲ ದಿನವೇ ಒಂದು ಖಾನಾವಳಿಗೆ ನುಗ್ಗಿ ಮಾಲೀಕನ ಹೆಸರೇನು ಅಂದರು. ನನ್ನ ಹತ್ತಿರ ಹೆಸರೇ ಇರಲಿಲ್ಲ!

ಈಗ ಒಂದೇ ಊರು ಆರಿಸುತ್ತೇನೆ. ಅದರ ನಕ್ಷೆ, ಹತ್ತು ಹೆಸರು, ಒಬ್ಬರಿಗೊಬ್ಬರು ಆಗದ ಎರಡು ಗುಂಪು, ಒಂದೆರಡು ಗಾಳಿಸುದ್ದಿ, ಇಷ್ಟು ಒಂದು ಹಾಳೆಯಲ್ಲಿ. ಉಳಿದದ್ದು ಬೇಕಾದಾಗ ತಿರುವಿ ಹಾಕಿದರಾಯಿತು. ಇದೇ ಆಟಕ್ಕೆಂದು 2004ರಲ್ಲಿ ಬಂದ ಎಬೆರಾನ್ ಎಂಬ ಲೋಕದಲ್ಲಿ ಮಂತ್ರದಿಂದ ಓಡುವ ರೈಲಿದೆ, ನಾನು ಅದೊಂದನ್ನೇ ಎತ್ತಿಕೊಂಡು ನಮ್ಮ ಆಟಕ್ಕೆ ಹಾಕಿದೆ (ರೈಲ್ವೆ ಊರಿನವರಿಗೆ ಹಿಡಿಸದೆ ಇರುತ್ತಾ).

ಪುಸ್ತಕದ ವರ್ಣನೆಯನ್ನು ಓದಿ ಹೇಳುವುದಕ್ಕಿಂತ ನೋಡಿದ ಜಾಗ ನೆನಪಿಸಿ. ಪಾಳುಬಿದ್ದ ನೆಲಮಾಳಿಗೆಗೆ ಲಕ್ಕುಂಡಿಯ ಮುಸುಕಿನ ಬಾವಿಯ ಮೆಟ್ಟಿಲು, ಸಂತೆಗೆ ಬ್ಯಾಡಗಿ ಮೆಣಸಿನಕಾಯಿಯ ಘಾಟು. ಎಲ್ಲರಿಗೂ ತಕ್ಷಣ ಕಣ್ಣಿಗೆ ಕಟ್ಟುತ್ತದೆ.

ಇನ್ನೊಂದು, ಪುಸ್ತಕ ಅರೆದು ಕುಡಿದು ಬಂದು ‘ಅದು ಹಾಗಿಲ್ಲ’ ಅನ್ನುವ ಆಟಗಾರ ಒಬ್ಬ ಇದ್ದೇ ಇರುತ್ತಾನೆ ಅಲ್ವಾ, ನಮ್ಮ ಲೋಕದಲ್ಲಿ ಹೀಗೇ ಅಂತ ಅವನಿಗೆ ಮೊದಲೇ ಹೇಳಿಬಿಡಿ.