ಹೊಳೆಯ ದಡ ಎಷ್ಟು ಕೊರೆದಿದೆ? ಅಳೆದು ತಿಳಿಯುವ ವಿಧಾನ

2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಣ್ಣು, ಬಂಡೆ, ಮರಗಳು ತೊರೆಗಳಿಗೆ ಬಂದು ಬಿದ್ದವು; ಗದ್ದೆಗಳು ಹೂಳಿನಡಿ ಮುಚ್ಚಿಹೋದವು. ಅಂಥ ಮಳೆಗಾಲ ಕಳೆದ ಮೇಲೆ ಹೊಳೆಯ ಪಾತ್ರ ಎಷ್ಟು ಮೇಲೆದ್ದಿದೆ, ದಡ ಎಷ್ಟು ಹಿಂದೆ ಸರಿದಿದೆ ಎಂಬುದನ್ನು ಖಚಿತವಾಗಿ ಹೇಳಬೇಕಾದರೆ ಹಿಂದಿನ ಅಳತೆ ಕೈಯಲ್ಲಿರಬೇಕು. ಅದನ್ನು ಊರಿನವರೂ ವಿದ್ಯಾರ್ಥಿಗಳೂ ಸೇರಿ ಮಾಡಿಕೊಳ್ಳಬಹುದು.

ಅಳೆಯಲು ಒಂದು ತಿರುವನ್ನೂ ಒಂದು ನೇರ ಭಾಗವನ್ನೂ ಆರಿಸಿಕೊಳ್ಳಿ. ತಿರುವಿನ ಹೊರಮಗ್ಗುಲಲ್ಲಿ ನೀರು ದಡವನ್ನು ಕೊರೆಯುತ್ತದೆ, ಒಳಮಗ್ಗುಲಲ್ಲಿ ಮರಳು ಗುಡ್ಡೆಯಾಗುತ್ತದೆ. ಸೇತುವೆ, ಚೆಕ್ ಡ್ಯಾಂ ಮತ್ತು ಮರಳು ತೆಗೆಯುವ ಜಾಗಗಳು ಬೇಡ.

ಇಡೀ ಕೆಲಸದಲ್ಲಿ ಹೆಚ್ಚಿನ ಶ್ರಮ ಬೇಡುವುದು, ಬೇಡಲೇಬೇಕಾದದ್ದು, ಗುರುತುಗಳನ್ನು ನೆಡುವುದು. ಎರಡೂ ದಡಗಳ ಮೇಲೆ, ಪ್ರವಾಹ ಮುಟ್ಟದಷ್ಟು ಹಿಂದೆ, ಹೊಳೆಗೆ ಅಡ್ಡಲಾಗಿ ಒಂದೇ ಗೆರೆಯಲ್ಲಿ ಬರುವಂತೆ ಕಬ್ಬಿಣದ ಸರಳುಗಳನ್ನು ಕಾಂಕ್ರೀಟಿನಲ್ಲಿ ನಿಲ್ಲಿಸಿ. ಅಲುಗದ ಹಾಸುಬಂಡೆಯೊಂದರ ಮೇಲೆ ಬಣ್ಣದ ಗುರುತು ಹಾಕಿ, ಅದರ ಎತ್ತರವನ್ನು 100 ಮೀಟರ್ ಎಂದು ಭಾವಿಸಿಕೊಳ್ಳಿ. ಈ ಗುರುತುಗಳು ಕಳೆದುಹೋದರೆ ಹಿಂದಿನ ವರ್ಷಗಳ ಅಳತೆಗಳಿಗೆ ಬೆಲೆಯಿಲ್ಲದಂತಾಗುತ್ತದೆ. ಆದ್ದರಿಂದ ಸುತ್ತಲಿನ ಮರ, ಬಂಡೆಗಳಿಂದ ಅವು ಎಷ್ಟು ದೂರದಲ್ಲಿವೆ ಎಂಬುದನ್ನೂ ಬರೆದಿಡಿ.

ನೀರು ಇಳಿದಿರುವ ಬೇಸಿಗೆಯಲ್ಲಿ ಸರಳಿನಿಂದ ಸರಳಿಗೆ ಟೇಪನ್ನು ಬಿಗಿಯಾಗಿ ಎಳೆಯಿರಿ. ಸೊನ್ನೆ ಯಾವಾಗಲೂ ಎಡದಂಡೆಯಲ್ಲಿರಲಿ. ನೀರು ಹರಿದುಹೋಗುವ ದಿಕ್ಕಿಗೆ ಮುಖ ಮಾಡಿ ನಿಂತಾಗ ಎಡಗೈ ಕಡೆಯದೇ ಎಡದಂಡೆ. ಸರ್ವೆಯವರ ಲೆವೆಲ್ ಯಂತ್ರವನ್ನು, ಅಂದರೆ ಸಮಮಟ್ಟದಲ್ಲಿ ನೇರವಾಗಿ ನೋಡುವ ದುರ್ಬೀನನ್ನು, ಸ್ಟ್ಯಾಂಡಿನ ಮೇಲೆ ಸಮಮಟ್ಟಕ್ಕೆ ತಂದು, ಬಂಡೆಯ ಗುರುತಿನ ಮೇಲೆ ಅಳತೆಪಟ್ಟಿ ನಿಲ್ಲಿಸಿ ಅದರ ಮೂಲಕ ಓದಿ. ಅಲ್ಲಿ 1.42 ಬಂದರೆ, ಅದನ್ನು 100ಕ್ಕೆ ಕೂಡಿದಾಗ ಯಂತ್ರದ ಎತ್ತರ 101.42 ಮೀಟರ್. ಪಾತ್ರದ ಒಂದು ಬಿಂದುವಿನಲ್ಲಿ 3.87 ಬಂದರೆ, ಅದನ್ನು ಯಂತ್ರದ ಎತ್ತರದಿಂದ ಕಳೆದಾಗ ಆ ಬಿಂದುವಿನ ಎತ್ತರ 97.55 ಮೀಟರ್. ಸಮ ಅಂತರಕ್ಕೆ ಅಂಟಿಕೊಳ್ಳದೆ, ಇಳಿಜಾರು ಬದಲಾಗುವ ಪ್ರತಿಯೊಂದು ಕಡೆ, ಅಂದರೆ ದಡದ ಅಂಚು, ಬುಡ, ನೀರಿನಂಚು ಮತ್ತು ಅತಿ ಆಳದ ಜಾಗದಲ್ಲಿ ತಪ್ಪದೆ ಓದಬೇಕು. ಕೊನೆಗೆ ಮತ್ತೆ ಬಂಡೆಯ ಗುರುತನ್ನು ಓದಿ. ಒಂದೆರಡು ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಳತೆಯನ್ನು ಪುನಃ ಮಾಡಿ.

ಈ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಹೊಳೆಯ ಅಡ್ಡಛೇದ, ಅಂದರೆ ಹೊಳೆಯನ್ನು ಅಡ್ಡಲಾಗಿ ಕತ್ತರಿಸಿ ನೋಡಿದಂಥ ಆಕಾರ, ಮೂಡುತ್ತದೆ. ಮಳೆಗಾಲ ಮುಗಿದ ಮೇಲೆ ಅದೇ ಗೆರೆಯನ್ನು ಅಳೆದು ಅದೇ ಹಾಳೆಯ ಮೇಲೆ ಬರೆದಾಗ, ಎರಡು ಗೆರೆಗಳ ನಡುವಿನ ಜಾಗವೇ ಕೊರೆತ ಅಥವಾ ಹೂಳಿನ ಪ್ರಮಾಣ. ಪ್ರವಾಹದ ಭರದಲ್ಲಿ ಆಳವಾಗಿ ಕೊರೆದ ಪಾತ್ರ ನೀರು ಇಳಿಯುವಾಗ ಮತ್ತೆ ತುಂಬಿಕೊಳ್ಳುವುದೂ ಉಂಟು. ಹೀಗಾಗಿ ಒಂದೇ ವರ್ಷದ ಗೆರೆಯಿಂದ ತೀರ್ಮಾನಕ್ಕೆ ಬರುವುದು ಸರಿಯಲ್ಲ.

ಕಡಿದಾದ ದಡಕ್ಕೆ ತೆಳ್ಳನೆಯ ಸರಳುಗಳನ್ನು ಅಡ್ಡಲಾಗಿ ಹೊಡೆದು, ಹೊರಗೆ ಉಳಿದ ಉದ್ದವನ್ನು ಪ್ರತಿ ಸಲ ಅಳೆಯುವುದರಿಂದ ದಡ ಸರಿದಷ್ಟೂ ನೇರವಾಗಿ ತಿಳಿಯುತ್ತದೆ. ದಡದೊಂದಿಗೆ ಸರಳೇ ಕೊಚ್ಚಿಹೋಗಿದ್ದರೆ ದಾಖಲೆಯಲ್ಲಿ ಅದರ ಸಾಲನ್ನು ಖಾಲಿ ಬಿಡದೆ, ಮಣ್ಣಿನೊಳಗಿದ್ದ ಉದ್ದದಷ್ಟಾದರೂ ಕೊರೆದಿರಬಹುದು ಎಂದು ದಿನಾಂಕದೊಂದಿಗೆ ದಾಖಲಿಸಿ, ಹೊಸ ಸರಳನ್ನು ಹೊಡೆಯಬೇಕು.