ಸುಮ್ನೆ ಬಿಟ್ಟಿದ್ರೂ ಹಾರ್ಡ್ ಡಿಸ್ಕ್ ಓಡ್ತಾನೇ ಇದ್ಯಾ? ಪ್ರೋಗ್ರಾಂ ಹೆಸರು ಬಿಡಿ, ಫೈಲ್ ಹಿಡೀರಿ

ಕಂಪ್ಯೂಟರ್ ಆನ್ ಇದೆ, ಯಾರೂ ಮುಟ್ಟಿಲ್ಲ, ಆದ್ರೂ ಹಾರ್ಡ್ ಡಿಸ್ಕ್ ಕರಕರ ಅಂತಾನೇ ಇರತ್ತೆ, ಕ್ಯಾಬಿನೆಟ್ ಮುಂದಿರೋ ಸಣ್ಣ ಲೈಟು ಆರೋದೇ ಇಲ್ಲ, ಒಂದು ಫೋಲ್ಡರ್ ಓಪನ್ ಮಾಡಿದ್ರೆ ಅರ್ಧ ನಿಮಿಷ ಕಾಯ್ಬೇಕು. ಇಂಥಾ ಕಂಪ್ಯೂಟರ್ ಇರೋರು ಬಹಳ ಜನ, ಅದನ್ನ ಸರಿ ಮಾಡೋಕೆ ಹೋಗಿ ಕೆಡಿಸ್ಕೊಂಡೋರು ಇನ್ನೂ ಜಾಸ್ತಿ. ಟಾಸ್ಕ್ ಮ್ಯಾನೇಜರ್ ತೆಗೀತಾರೆ, ಮೇಲ್ಗಡೆ ಯಾವ ಹೆಸರು ಕಾಣತ್ತೋ ಅದನ್ನೇ ಕಳ್ಳ ಅಂತ ತೀರ್ಮಾನ ಮಾಡ್ತಾರೆ, ಯೂಟ್ಯೂಬ್ ನೋಡಿ ಆ ಸರ್ವಿಸ್ ಬಂದ್ ಮಾಡ್ತಾರೆ, ಎರಡು ದಿನ ಬಿಟ್ಟು ಮತ್ತೆ ಅದೇ ಕಥೆ, ಆಮೇಲೆ ಫಾರ್ಮ್ಯಾಟ್ ಮಾಡಿಸ್ತಾರೆ, ಅದೇ ಪ್ರೋಗ್ರಾಂ ಮತ್ತೆ ಇನ್‌ಸ್ಟಾಲ್ ಆಗತ್ತೆ, ಅದೇ ತೊಂದ್ರೆ ವಾಪಸ್ ಬರತ್ತೆ. ನಾನು ಹೇಳೋದು ಇಷ್ಟೇ: ಮೇಲೆ ಕಾಣೋ ಹೆಸರನ್ನ ನಂಬ್ಬೇಡಿ, ಯಾವ ಫೈಲ್ ಮೇಲೆ ಬರವಣಿಗೆ ಆಗ್ತಿದೆ ಅಂತ ಹುಡುಕಿ. ಫೈಲ್ ಸಿಕ್ಕಿದ್ರೆ ಕಾರಣ ತಾನಾಗೇ ಸಿಗತ್ತೆ.

ಇಲ್ಲಿ ಹೇಳಿರೋದೆಲ್ಲ ವಿಂಡೋಸ್ 10 ಮತ್ತು 11ಕ್ಕೆ.

ಮೊದಲು ಕೈ ಬಿಟ್ಟು ಕಾಯಿರಿ

ಹೊಸದಾಗಿ ವಿಂಡೋಸ್ ಹಾಕಿದ್ರೆ, ಅಥವಾ ದೊಡ್ಡ ಅಪ್‌ಡೇಟ್ ಬಂದು ಒಂದೆರಡು ದಿನ ಆಗಿದ್ರೆ, ಏನೂ ಮಾಡ್ಬೇಡಿ. ಸರ್ಚ್ ಇಂಡೆಕ್ಸ್ (ಫೈಲ್ ಬೇಗ ಹುಡುಕೋಕೆ ಮಾಡ್ಕೊಳ್ಳೋ ಪಟ್ಟಿ) ಕಟ್ಟೋದು, ಡಿಫೆಂಡರ್ (ವಿಂಡೋಸ್ ಜೊತೆಗೇ ಬರೋ ಆಂಟಿವೈರಸ್) ಸ್ಕ್ಯಾನ್, ಅಪ್‌ಡೇಟಿನ ಉಳಿದ ಕೆಲಸ, ಇವೆಲ್ಲ ಹಿಂದೆ ನಡೀತಿರತ್ತೆ. ವಿಂಡೋಸ್‌ಗೆ ಆಟೋಮ್ಯಾಟಿಕ್ ಮೇಂಟೆನೆನ್ಸ್ ಅಂತ ಒಂದಿದೆ, ಅದರ ಡೀಫಾಲ್ಟ್ ಟೈಮ್ ಬೆಳಗಿನ ಜಾವ 2 ಗಂಟೆ. ನಮ್ಮಲ್ಲಿ ಆ ಹೊತ್ತಿಗೆ ಯಾರ ಕಂಪ್ಯೂಟರ್ ಆನ್ ಇರತ್ತೆ ಹೇಳಿ? ತಪ್ಪಿಹೋದ ಕೆಲಸವನ್ನ ಅದು ನೀವು ಕಾಫಿಗೆ ಎದ್ದು ಹೋದಾಗ ಮಾಡ್ಕೊಳತ್ತೆ. ಮೌಸ್ ಅಲ್ಲಾಡಿಸಿದ ತಕ್ಷಣ ಸದ್ದು ನಿಂತು, ಬಿಟ್ರೆ ಮತ್ತೆ ಶುರುವಾಗತ್ತೆ ಅಂದ್ರೆ ಬಹುಪಾಲು ಇದೇ ಕಾರಣ. ಅದರ ಪಾಡಿಗೆ ಒಂದು ಸಂಜೆ ಪೂರ್ತಿ ಆನ್ ಬಿಡಿ, ಮುಗಿಸ್ಕೊಳ್ಳತ್ತೆ.

ವಾರಗಟ್ಟಲೆ ಹೀಗೇ ಆಗ್ತಿದ್ರೆ, ನೀವು ಕೆಲಸ ಮಾಡ್ತಿರುವಾಗ್ಲೂ ನಿಲ್ತಿಲ್ಲ ಅಂದ್ರೆ ಮುಂದೆ ಓದಿ.

ಡಿಸ್ಕೇ ಸಾಯ್ತಿದ್ಯಾ ಅಂತ ನೋಡ್ಕೊಳ್ಳಿ

ಇದನ್ನ ಬಿಟ್ಟು ಮುಂದೆ ಹೋಗ್ಲೇಬೇಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೀರಿ, ಪರ್ಫಾರ್ಮೆನ್ಸ್ ಟ್ಯಾಬಲ್ಲಿ ಡಿಸ್ಕ್ ಕ್ಲಿಕ್ ಮಾಡಿ. ಅಲ್ಲಿ ಕಾಣೋ ಪರ್ಸೆಂಟೇಜ್ ಸ್ಪೀಡ್ ಅಲ್ಲ, ಡಿಸ್ಕ್ ಎಷ್ಟು ಹೊತ್ತು ಬ್ಯುಸಿ ಇತ್ತು ಅನ್ನೋದು. 100 ಪರ್ಸೆಂಟ್ ತೋರಿಸ್ತಿದೆ, ಆದ್ರೆ ಓದೋದು ಬರೆಯೋದು ಎರಡೂ ಸೇರಿ ಸೆಕೆಂಡಿಗೆ ಒಂದು ಎಂಬಿನೂ ಇಲ್ಲ, ರೆಸ್ಪಾನ್ಸ್ ಟೈಮ್ ಸಾವಿರಾರು ಮಿಲಿಸೆಕೆಂಡ್ ಇದೆ ಅಂದ್ರೆ ಪ್ರೋಗ್ರಾಂಗಿಂತ ಮೊದಲು ಡಿಸ್ಕ್ ಮೇಲೇ ಅನುಮಾನ ಪಡಿ. ಕ್ರಿಸ್ಟಲ್ ಡಿಸ್ಕ್ ಇನ್ಫೋ ಅಂತ ಫ್ರೀ ಟೂಲ್ ಇದೆ, ಜಿಪ್ ರೂಪದಲ್ಲಿರೋದನ್ನೇ ಇಳಿಸ್ಕೊಳ್ಳಿ. ಅದರಲ್ಲಿ 05, ಸಿ5, ಸಿ6 ಈ ಮೂರು ಸಾಲಿನ ರಾ ವ್ಯಾಲ್ಯೂ ಸೊನ್ನೆ ಇರ್ಬೇಕು. ಸಿ5 ಅಂದ್ರೆ ಓದೋಕೆ ಆಗ್ದೇ ಪೆಂಡಿಂಗ್ ಇರೋ ಸೆಕ್ಟರ್‌ಗಳು, ಅದು ದಿನಾ ಏರ್ತಿದ್ರೆ ಈ ಲೇಖನ ಇಲ್ಲಿಗೇ ನಿಲ್ಸಿ ಡೇಟಾ ಕಾಪಿ ಮಾಡ್ಕೊಳ್ಳಿ, ಡಿಸ್ಕ್ ಬದಲಾಯ್ಸಿ. ಸಿ7 ಸಾಲು ಮಾತ್ರ ಏರ್ತಿದ್ರೆ ಸಾಮಾನ್ಯವಾಗಿ ಸಾಟಾ ಕೇಬಲ್ (ಡಿಸ್ಕನ್ನ ಮದರ್‌ಬೋರ್ಡಿಗೆ ಜೋಡಿಸೋದು) ತೊಂದ್ರೆ, ಎಸ್‌ಪಿ ರೋಡಲ್ಲಿ (ಬೆಂಗಳೂರಿನ ಕಂಪ್ಯೂಟರ್ ಬಿಡಿಭಾಗಗಳ ಮಾರ್ಕೆಟ್) ಒಂದು ಕೇಬಲ್ ತಂದು ಹಾಕಿ ನೋಡಿ.

ರ‍್ಯಾಮ್ ಕಡಿಮೆ ಇದ್ರೂ ಹೀಗಾಗತ್ತೆ. 4 ಜಿಬಿ ಮೇಲೆ ವಿಂಡೋಸ್ 11, ಜೊತೆಗೆ ಬ್ರೌಸರಲ್ಲಿ ಇಪ್ಪತ್ತು ಟ್ಯಾಬ್ ಅಂದ್ರೆ ಪೇಜ್‌ಫೈಲಿಗೆ (ರ‍್ಯಾಮಲ್ಲಿ ಜಾಗ ಸಾಲದಿದ್ದಾಗ ವಿಂಡೋಸ್ ಡಿಸ್ಕ್ ಮೇಲೆ ಬಳಸೋ ಫೈಲ್) ಹೋಗಿಬಂದು ಮಾಡ್ತಾನೇ ಇರತ್ತೆ. ರ‍್ಯಾಮ್ ಹಾಕ್ಸಿ, ಬೇರೆ ದಾರಿ ಇಲ್ಲ.

ಟಾಸ್ಕ್ ಮ್ಯಾನೇಜರ್ ಎಲ್ಲಿವರೆಗೆ ನಂಬ್ಬಹುದು

ಪ್ರೋಸೆಸ್ ಟ್ಯಾಬಲ್ಲಿ ಡಿಸ್ಕ್ ಅನ್ನೋ ಹೆಡಿಂಗ್ ಕ್ಲಿಕ್ ಮಾಡಿದ್ರೆ ಜಾಸ್ತಿ ಬಳಸೋದು ಮೇಲೆ ಬರತ್ತೆ. ಇಲ್ಲೇ ಜನ ಎಡವೋದು. ಮೇಲೆ ಬರೋದು ಬಹಳ ಸಲ 'ಸಿಸ್ಟಮ್' ಅಥವಾ 'ಆಂಟಿಮಾಲ್‌ವೇರ್ ಸರ್ವಿಸ್ ಎಕ್ಸಿಕ್ಯೂಟಬಲ್', ಅಂದ್ರೆ ಡಿಫೆಂಡರ್. ತಕ್ಷಣ ಡಿಫೆಂಡರ್ ಆಫ್ ಮಾಡೋದು ಹೇಗೆ ಅಂತ ಹುಡುಕೋಕೆ ಶುರು ಮಾಡ್ತಾರೆ. ಸ್ವಲ್ಪ ಯೋಚನೆ ಮಾಡಿ: ಯಾವುದೋ ಪ್ರೋಗ್ರಾಂ ಒಂದು ಫೈಲಿಗೆ ಬರೆದು ಮುಚ್ಚತ್ತೆ, ಬದಲಾದ ಫೈಲ್ ಅಂತ ಡಿಫೆಂಡರ್ ಅದನ್ನ ನೋಡತ್ತೆ, ಇಂಡೆಕ್ಸರ್ ಬಂದು ನೋಡತ್ತೆ, ಆ ಫೋಲ್ಡರ್ ಕ್ಲೌಡ್ ಬ್ಯಾಕಪ್ ಒಳಗಿದ್ರೆ ಅದೂ ಬಂದು ಓದತ್ತೆ. ಬರೆದಿದ್ದು ಸಣ್ಣ ಸಾಲು, ಅದರ ಹಿಂದೆ ಮೂರು ಜನ ಓಡಿದ್ರು, ಟಾಸ್ಕ್ ಮ್ಯಾನೇಜರಲ್ಲಿ ಹೆಸರು ಬಂದಿದ್ದು ಓಡಿದವರದ್ದು. 'ಸಿಸ್ಟಮ್' ಹೆಸರೂ ಹಾಗೇನೇ, ಪ್ರೋಗ್ರಾಂ ಬರೆದಿದ್ದು ಮೊದಲು ಮೆಮೊರಿಯಲ್ಲಿರೋ ಕ್ಯಾಶಿಗೆ ಹೋಗತ್ತೆ, ಆಮೇಲೆ ಅದನ್ನ ಡಿಸ್ಕಿಗೆ ಇಳಿಸೋದು ಸಿಸ್ಟಮ್, ಹಾಗಾಗಿ ಲೆಕ್ಕ ಅದರ ತಲೆಗೆ ಬರತ್ತೆ.

ಟಾಸ್ಕ್ ಮ್ಯಾನೇಜರಿಂದ ಒಂದು ಒಳ್ಳೇ ಉಪಯೋಗ ಇದೆ, ಯಾರೂ ಹೇಳಿಕೊಡಲ್ಲ. ಡೀಟೇಲ್ಸ್ ಟ್ಯಾಬಿಗೆ ಹೋಗಿ, ಮೇಲಿನ ಹೆಡಿಂಗ್ ಮೇಲೆ ರೈಟ್ ಕ್ಲಿಕ್ ಮಾಡಿ, ಸೆಲೆಕ್ಟ್ ಕಾಲಮ್ಸ್ ಒಳಗೆ 'ಐ/ಓ ರೈಟ್ ಬೈಟ್ಸ್' ಟಿಕ್ ಮಾಡಿ. ಪ್ರೋಗ್ರಾಂ ಶುರುವಾದಾಗಿಂದ ಇವತ್ತಿನವರೆಗೆ ಎಷ್ಟು ಬರೆದಿದೆ ಅನ್ನೋ ಒಟ್ಟು ಲೆಕ್ಕ ಅದು. ಬೆಳಗ್ಗೆ ನೋಡಿ ಬರೆದಿಟ್ಕೊಳ್ಳಿ, ಮಧ್ಯಾಹ್ನ ನೋಡಿ. ಕಿಟಕಿ ಮಿನಿಮೈಸ್ ಆಗಿ ಸುಮ್ನೆ ಕೂತಿರೋ ಪ್ರೋಗ್ರಾಂ ಅಷ್ಟರಲ್ಲಿ ಜಿಬಿಗಟ್ಟಲೆ ಏರಿದ್ರೆ ಅದರ ಮೇಲೆ ಕಣ್ಣಿಡಿ. ಈ ಅಂಕಿಯಲ್ಲಿ ನೆಟ್‌ವರ್ಕ್ ಕಡೆ ಬರೆದಿದ್ದೂ ಸೇರಿರತ್ತೆ, ಅದಕ್ಕೇ ಇದು ಅನುಮಾನಕ್ಕೆ ಸಾಕು, ತೀರ್ಪಿಗೆ ಸಾಲಲ್ಲ.

ಈಗ ಫೈಲ್ ಹಿಡಿಯೋ ಕೆಲಸ

ಸುಲಭದ್ದು ಮೊದಲು. ಸ್ಟಾರ್ಟ್ ಮೆನುವಲ್ಲಿ ರಿಸೋರ್ಸ್ ಮಾನಿಟರ್ ಅಂತ ಹುಡುಕಿ ತೆಗೀರಿ, ಡಿಸ್ಕ್ ಟ್ಯಾಬ್, ಅದರ ಕೆಳಗಿನ ಡಿಸ್ಕ್ ಆಕ್ಟಿವಿಟಿ ಭಾಗದಲ್ಲಿ ಫೈಲಿನ ಪೂರ್ತಿ ವಿಳಾಸ ಕಾಣತ್ತೆ, ರೈಟ್ (Write, ಬರವಣಿಗೆ) ಕಾಲಮ್ ಮೇಲೆ ಸಾರ್ಟ್ ಮಾಡಿ. ಕೆಲವು ಸಲ ಇಲ್ಲೇ ಉತ್ತರ ಸಿಕ್ಬಿಡತ್ತೆ. ಸಿಗದೇ ಇದ್ರೆ, ಅಥವಾ ಎಲ್ಲಾ ಸಾಲಲ್ಲೂ 'ಸಿಸ್ಟಮ್' ಅಂತಾನೇ ಇದ್ರೆ, ಪ್ರೋಸೆಸ್ ಮಾನಿಟರ್ ಬೇಕು.

ಪ್ರೋಸೆಸ್ ಮಾನಿಟರ್ ಸಿಸ್‌ಇಂಟರ್ನಲ್ಸ್ ಟೂಲ್‌ಗಳಲ್ಲಿ ಒಂದು, ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ತಿದೆ ಅಂತ ಸಾಲುಸಾಲಾಗಿ ತೋರಿಸತ್ತೆ. ಮಾರ್ಕ್ ರುಸಿನೋವಿಚ್ ಮತ್ತು ಬ್ರೈಸ್ ಕಾಗ್ಸ್‌ವೆಲ್ ಶುರು ಮಾಡಿದ್ದು, 2006ರಲ್ಲಿ ಅವರ ಕಂಪನಿಯನ್ನ ಮೈಕ್ರೋಸಾಫ್ಟ್ ಕೊಂಡ್ಕೊಂಡಿತು, ಹಾಗಾಗಿ ಈಗ ಮೈಕ್ರೋಸಾಫ್ಟ್ ಸೈಟಲ್ಲೇ ಫ್ರೀಯಾಗಿ ಸಿಗತ್ತೆ. ಅಲ್ಲಿಂದ ಮಾತ್ರ ಇಳಿಸಿ, ಬೇರೆ ಡೌನ್‌ಲೋಡ್ ಸೈಟುಗಳ ಸಹವಾಸ ಬೇಡ. ಇನ್‌ಸ್ಟಾಲ್ ಬೇಕಿಲ್ಲ, ಜಿಪ್ ಬಿಚ್ಚಿ ರನ್ ಆಸ್ ಅಡ್ಮಿನಿಸ್ಟ್ರೇಟರ್ ಕೊಟ್ರೆ ಸಾಕು.

ತೆಗೆದ ತಕ್ಷಣ ಸಾಲುಗಳು ಪ್ರವಾಹದ ಥರ ನುಗ್ಗತ್ತೆ, ಬಹಳ ಜನ ಅಲ್ಲೇ ಹೆದರಿ ಕ್ಲೋಸ್ ಮಾಡ್ತಾರೆ. ಕಂಟ್ರೋಲ್ ಇ ಒತ್ತಿ, ನಿಲ್ಲತ್ತೆ. ಕಂಟ್ರೋಲ್ ಎಕ್ಸ್ ಒತ್ತಿ, ಖಾಲಿಯಾಗತ್ತೆ. ಮೇಲೆ ಟೂಲ್‌ಬಾರಲ್ಲಿ ರಿಜಿಸ್ಟ್ರಿ, ಫೈಲ್, ನೆಟ್‌ವರ್ಕ್, ಪ್ರೋಸೆಸ್ ಅಂತ ಐಕಾನ್‌ಗಳಿವೆ, ಫೈಲ್ ಒಂದು ಬಿಟ್ಟು ಉಳಿದಿದ್ದೆಲ್ಲ ಆಫ್ ಮಾಡಿ. ಆಮೇಲೆ ಕಂಟ್ರೋಲ್ ಎಲ್, ಫಿಲ್ಟರ್ ಕಿಟಕಿ ಬರತ್ತೆ. ಅಲ್ಲಿ ಮೊದಲನೇ ಡಬ್ಬಿಯಲ್ಲಿ 'ಆಪರೇಷನ್', ಎರಡನೇದು 'ಈಸ್', ಮೂರನೇದ್ರಲ್ಲಿ 'ರೈಟ್‌ಫೈಲ್' (WriteFile), ಕೊನೇದು 'ಇನ್‌ಕ್ಲೂಡ್'. ಆಡ್ ಒತ್ತಿ, ಆಮೇಲೆ ಓಕೆ. ಆಡ್ ಒತ್ತದೇ ಓಕೆ ಮಾತ್ರ ಒತ್ತಿ ಫಿಲ್ಟರ್ ಕೆಲಸ ಮಾಡಲ್ಲ ಅನ್ನೋರು ತುಂಬಾ ಜನ ಇದ್ದಾರೆ, ಪಟ್ಟಿಯಲ್ಲಿ ನಿಮ್ಮ ಸಾಲು ಬಂತಾ ಅಂತ ಕಣ್ಣಾರೆ ನೋಡ್ಕೊಳ್ಳಿ. ಆ ಪಟ್ಟಿಯಲ್ಲಿ ಮೊದಲೇ ಇರೋ ಎಕ್ಸ್‌ಕ್ಲೂಡ್ ಸಾಲುಗಳನ್ನ ಅಳಿಸ್ಬೇಡಿ, ಅವು ಬೇಕು. 'ಸಿಸ್ಟಮ್' ಪ್ರೋಸೆಸ್ಸನ್ನ, ಪೇಜ್‌ಫೈಲನ್ನ ಅವೇ ಪಕ್ಕಕ್ಕಿಡೋದು, ಅದರಿಂದಾನೇ ನಿಜವಾಗಿ ಬರೆಯೋಕೆ ಹೇಳಿದ ಪ್ರೋಗ್ರಾಂ ಹೆಸರು ಎದ್ದು ಕಾಣತ್ತೆ.

ಇನ್ನೊಂದು ಮುಖ್ಯ: ಫಿಲ್ಟರ್ ಮೆನುವಲ್ಲಿ 'ಡ್ರಾಪ್ ಫಿಲ್ಟರ್ಡ್ ಈವೆಂಟ್ಸ್' ಟಿಕ್ ಮಾಡಿ. ಇಲ್ದಿದ್ರೆ ನಿಮಗೆ ಕಾಣದೇ ಇರೋ ಸಾಲುಗಳನ್ನೂ ಅದು ಮೆಮೊರಿಯಲ್ಲಿ ಶೇಖರಿಸ್ತಾ ಹೋಗತ್ತೆ, 4 ಜಿಬಿ ಮಶೀನಲ್ಲಿ ಅರ್ಧ ಗಂಟೆಗೆ ಈ ಟೂಲೇ ಡಿಸ್ಕ್ ಓಡ್ಸೋಕೆ ಶುರು ಮಾಡತ್ತೆ.

ಈಗ ಮತ್ತೆ ಕಂಟ್ರೋಲ್ ಇ ಒತ್ತಿ, ಎದ್ದು ಹೋಗಿ. ನಿಜವಾಗ್ಲೂ ಎದ್ದು ಹೋಗಿ. ಮೌಸ್ ಹಿಡ್ಕೊಂಡು ಕೂತ್ರೆ ಐಡಲ್ ಟೈಮಲ್ಲಿ ಮಾತ್ರ ಆಗೋ ಕೆಲಸ ಕಾಣಿಸ್ಕೊಳ್ಳೋದೇ ಇಲ್ಲ. ಹತ್ತು ನಿಮಿಷ ಬಿಟ್ಟು ಬಂದು ಕಂಟ್ರೋಲ್ ಇ, ಆಮೇಲೆ ಟೂಲ್ಸ್ ಮೆನು, ಫೈಲ್ ಸಮರಿ, ಬೈ ಪಾತ್ ಟ್ಯಾಬ್, 'ರೈಟ್ ಬೈಟ್ಸ್' ಹೆಡಿಂಗ್ ಕ್ಲಿಕ್ ಮಾಡಿ. ಜಾಸ್ತಿ ಬರವಣಿಗೆ ಆದ ಫೈಲ್ ಮೇಲೆ ಬರತ್ತೆ. ಪಕ್ಕದಲ್ಲಿರೋ 'ರೈಟ್ಸ್' ಅನ್ನೋ ಎಣಿಕೆಯನ್ನೂ ನೋಡಿ, ಯಾಕಂದ್ರೆ ತಿರುಗೋ ಡಿಸ್ಕಿಗೆ ಒಂದೇ ಸಲ ದೊಡ್ಡದಾಗಿ ಬರೆಯೋದು ಕಷ್ಟ ಅಲ್ಲ, ಸಾವಿರಾರು ಸಲ ಚೂರುಚೂರು ಬರೆಯೋದೇ ಕಷ್ಟ, ಪ್ರತಿ ಸಲ ಹೆಡ್ ಅಲ್ಲಿಗೆ ಓಡ್ಬೇಕು. ಆ ಫೈಲ್ ಇರೋ ಸಾಲನ್ನ ಮುಖ್ಯ ಪಟ್ಟಿಯಲ್ಲಿ ಹುಡುಕಿ, ಪಾತ್ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಕ್ಲೂಡ್ ಕೊಡಿ. ಯಾವ ಪ್ರೋಗ್ರಾಂ, ಎಷ್ಟೆಷ್ಟು ಹೊತ್ತಿಗೆ ಬರೀತಿದೆ ಅಂತ ಟೈಮ್ ಸಮೇತ ಮುಂದಿರತ್ತೆ.

ನಮ್ಮ ಪರಿಚಯದವರ ಔಷಧಿ ಅಂಗಡಿಯಲ್ಲಿ ಹೀಗೇ ಆಗಿತ್ತು. ಟಾಸ್ಕ್ ಮ್ಯಾನೇಜರ್ ಪ್ರಕಾರ ಆಂಟಿವೈರಸ್ ಕಳ್ಳ, ಅದನ್ನ ತೆಗೆಸಿದ್ರು, ಆಮೇಲೆ ಫಾರ್ಮ್ಯಾಟ್ ಕೂಡ ಆಯ್ತು. ಪ್ರೋಸೆಸ್ ಮಾನಿಟರಲ್ಲಿ ಮೇಲೆ ಬಂದಿದ್ದು ಬಿಲ್ಲಿಂಗ್ ಪ್ರೋಗ್ರಾಂ ಫೋಲ್ಡರ್ ಒಳಗಿನ ಒಂದು ಲಾಗ್ ಫೈಲ್, ಅಂದ್ರೆ ಏನೇನಾಯ್ತು ಅಂತ ಪ್ರೋಗ್ರಾಂ ಬರೆದಿಡೋ ಡೈರಿ. ನೋಟ್‌ಪ್ಯಾಡಲ್ಲಿ ಓಪನ್ ಆಗದಷ್ಟು ದೊಡ್ಡದು. ಕೊನೇ ಸಾಲುಗಳನ್ನ ತೆಗೆದು ನೋಡಿದ್ರೆ ಒಂದೇ ಮಾತು ಮತ್ತೆ ಮತ್ತೆ: ಇಂಥಾ ಬಾರ್‌ಕೋಡ್ ಪ್ರಿಂಟರ್ ಸಿಗ್ತಿಲ್ಲ. ಆ ಪ್ರಿಂಟರ್ ಕೆಟ್ಟು ಮೂಲೆ ಸೇರಿ ಎಷ್ಟೋ ಕಾಲ ಆಗಿತ್ತು, ಪ್ರೋಗ್ರಾಂ ಸೆಟ್ಟಿಂಗಲ್ಲಿ ಮಾತ್ರ ಹಾಗೇ ಉಳ್ಕೊಂಡಿತ್ತು, ಫಾರ್ಮ್ಯಾಟ್ ಆದ್ಮೇಲೆ ಹಳೇ ಡೇಟಾ ಜೊತೆ ಆ ಸೆಟ್ಟಿಂಗೂ ವಾಪಸ್ ಬಂದಿತ್ತು. ಪ್ರೋಗ್ರಾಂ ಹುಡುಕ್ತಿತ್ತು, ಸಿಗದೇ ಒಂದು ಸಾಲು ಬರೀತಿತ್ತು, ಫೈಲ್ ಬದಲಾಯ್ತು ಅಂತ ಆಂಟಿವೈರಸ್ ಆ ದೊಡ್ಡ ಫೈಲನ್ನ ಮತ್ತೆ ಓದ್ತಿತ್ತು. ಸೆಟ್ಟಿಂಗಲ್ಲಿ ಪ್ರಿಂಟರ್ ಹೆಸರು ತೆಗೆದ್ರು, ಲಾಗ್ ಅಳಿಸಿದ್ರು, ಮುಗೀತು.

ಫೈಲ್ ಹೆಸರು ಏನು ಹೇಳತ್ತೆ

ಲಾಗ್ ಅಂತ ಕೊನೆಯಾಗಿದ್ರೆ ಮೇಲಿನ ಥರದ್ದೇ, ಓದಿ ನೋಡಿ, ಪ್ರೋಗ್ರಾಮಲ್ಲಿ ಡೀಬಗ್ ಅಥವಾ ವರ್ಬೋಸ್ ಲಾಗ್ (ಸಣ್ಣಪುಟ್ಟದ್ದನ್ನೂ ಬರೆಯೋ ಲಾಗ್) ಆನ್ ಇದ್ರೆ ಆಫ್ ಮಾಡಿ. ಹೆಸರಿನ ಕೊನೆಗೆ ಜರ್ನಲ್ ಅಥವಾ ಡಬ್ಲ್ಯುಎಎಲ್ ಇದ್ರೆ ಎಸ್‌ಕ್ಯೂಲೈಟ್ ಡೇಟಾಬೇಸ್ (ಪ್ರೋಗ್ರಾಂ ತನ್ನ ಡೇಟಾ ಇಡೋಕೆ ಬಳಸೋದು), ಅದನ್ನ ಕೈಯಿಂದ ಅಳಿಸ್ಬೇಡಿ, ಡೇಟಾ ಹೋಗತ್ತೆ. ಆಟೋಸೇವ್ ಎಷ್ಟು ಹೊತ್ತಿಗೊಮ್ಮೆ ಅಂತ ಪ್ರೋಗ್ರಾಂ ಸೆಟ್ಟಿಂಗಲ್ಲಿ ನೋಡಿ, ಜಾಸ್ತಿ ಮಾಡಿ. ಫೈರ್‌ಫಾಕ್ಸ್ ಕೂಡ ತೆರೆದಿರೋ ಟ್ಯಾಬ್‌ಗಳ ವಿವರವನ್ನ 15 ಸೆಕೆಂಡಿಗೊಮ್ಮೆ ಬರೆದಿಡತ್ತೆ, ಅಡ್ರೆಸ್ ಬಾರಲ್ಲಿ about:config ಅಂತ ಹೊಡೆದ್ರೆ ಬರೋ ಸೆಟ್ಟಿಂಗ್ ಪುಟದೊಳಗೆ ಸೆಷನ್‌ಸ್ಟೋರ್ ಇಂಟರ್‌ವಲ್ ಅನ್ನೋದು 15000 (ಮಿಲಿಸೆಕೆಂಡ್) ಇರತ್ತೆ, ಹಳೇ ಹಾರ್ಡ್ ಡಿಸ್ಕಲ್ಲಿ ನಾನು ಅದನ್ನ 60000 ಮಾಡೇ ಕೊಡೋದು.

ಕ್ಯಾಶ್ ಫೋಲ್ಡರ್ ಆದ್ರೆ ಪ್ರೋಗ್ರಾಂ ಪೂರ್ತಿ ಕ್ಲೋಸ್ ಮಾಡಿ, ಟಾಸ್ಕ್‌ಬಾರ್ ಮೂಲೆಯ ಐಕಾನಿಂದಲೂ ಎಕ್ಸಿಟ್ ಕೊಟ್ಟು, ಫೋಲ್ಡರನ್ನ ಅಳಿಸದೇ ಹೆಸರು ಬದಲಾಯ್ಸಿ ನೋಡಿ, ಹೆಚ್ಚುಕಮ್ಮಿ ಆದ್ರೆ ಹಳೇದು ಇರತ್ತೆ.

ಇದೆಲ್ಲಾ ಮಾಡಿದ್ರೂ ನಿಲ್ಲದೇ ಇದ್ರೆ ಪ್ರೋಗ್ರಾಮಲ್ಲೇ ಬಗ್ ಇರ್ಬಹುದು, ದೊಡ್ಡ ಕಂಪನಿಗಳದ್ದಕ್ಕೂ ಇದು ತಪ್ಪಿದ್ದಲ್ಲ. 2016ರಲ್ಲಿ ಸ್ಪಾಟಿಫೈ ಡೆಸ್ಕ್‌ಟಾಪ್ ಆ್ಯಪ್ ಹಾಡು ಹಾಕದೇ ಸುಮ್ನೆ ಬಿಟ್ಟಿದ್ದಾಗ್ಲೂ ದಿನಕ್ಕೆ ಹತ್ತಾರು ಜಿಬಿ ಬರೀತಿದೆ ಅಂತ ಬಳಕೆದಾರರು ಹಿಡಿದ್ರು. ಬರವಣಿಗೆ ಆಗ್ತಿದ್ದಿದ್ದು ಮರ್ಕ್ಯುರಿ ಡಿಬಿ ಅನ್ನೋ ಒಂದೇ ಡೇಟಾಬೇಸ್ ಫೈಲ್ ಮೇಲೆ, ಅದನ್ನ ಚೊಕ್ಕ ಮಾಡೋಕೆ ಅಂತ ಆ್ಯಪ್ ಪದೇಪದೇ ವ್ಯಾಕ್ಯೂಮ್ ಕಮ್ಯಾಂಡ್ ಓಡಿಸ್ತಿತ್ತು, ಆ ಕಮ್ಯಾಂಡ್ ಇಡೀ ಡೇಟಾಬೇಸನ್ನ ಮೊದಲಿಂದ ಕೊನೆವರೆಗೆ ಮತ್ತೆ ಬರೆಯತ್ತೆ. 1.0.42 ವರ್ಷನ್ನಲ್ಲಿ ಸರಿ ಮಾಡಿದ್ರು. ಎಸ್‌ಎಸ್‌ಡಿ ಇದ್ರೆ ಸದ್ದು ಬರಲ್ಲ, ಹಾಗಾಗಿ ಗೊತ್ತೇ ಆಗಲ್ಲ, ಆದ್ರೆ ಅದಕ್ಕೂ ಇಷ್ಟು ಟಿಬಿ ಬರೀಬಹುದು ಅಂತ ಕಂಪನಿ ಕೊಟ್ಟ ಮಿತಿ ಇರತ್ತೆ. ಸ್ಯಾಮ್‌ಸಂಗ್ 850 ಇವೋ 250 ಜಿಬಿಗೆ ಅದು 75 ಟಿಬಿ. ದಿನಕ್ಕೆ 100 ಜಿಬಿ ಸುಮ್ಸುಮ್ನೆ ಬರೀತಿದ್ರೆ ಎರಡು ವರ್ಷ ಸ್ವಲ್ಪ ದಾಟೋದ್ರೊಳಗೆ ಮುಟ್ಟತ್ತೆ.

ಮಾಡಬಾರದ್ದು

ಪಿಸಿ ಬೂಸ್ಟರ್, ರಿಜಿಸ್ಟ್ರಿ ಕ್ಲೀನರ್, ಡ್ರೈವರ್ ಅಪ್‌ಡೇಟರ್ ಅನ್ನೋ ಯಾವುದನ್ನೂ ಹಾಕ್ಬೇಡಿ. ಅವೇ ಹಿಂದೆ ಕೂತು ಸ್ಕ್ಯಾನ್ ಮಾಡ್ತಾ ಡಿಸ್ಕ್ ತಿನ್ನತ್ತೆ. ವಿಂಡೋಸ್ ಅಪ್‌ಡೇಟ್ ಬಂದ್ ಮಾಡ್ಬೇಡಿ. ಡಿಫೆಂಡರಿಗೆ ಎಕ್ಸ್‌ಕ್ಲೂಷನ್ (ಇದನ್ನ ನೋಡ್ಬೇಡ ಅನ್ನೋ ವಿನಾಯ್ತಿ) ಕೊಡ್ಲೇಬೇಕು ಅಂದ್ರೆ ಆ ಪ್ರೋಗ್ರಾಮಿನ ಡೇಟಾ ಫೋಲ್ಡರ್ ಒಂದಕ್ಕೆ ಕೊಡಿ, ಸಿ ಡ್ರೈವಿಗೋ ಡೌನ್‌ಲೋಡ್ಸಿಗೋ ಅಲ್ಲ. ಇಂಡೆಕ್ಸಿಂಗ್ ಆಪ್ಶನ್ಸಲ್ಲೂ ಆ ಫೋಲ್ಡರನ್ನ ಹೊರಗಿಡಿ, ಬಿಲ್ಲಿಂಗ್ ಡೇಟಾವನ್ನ ಸ್ಟಾರ್ಟ್ ಮೆನುವಿಂದ ಯಾರೂ ಹುಡುಕಲ್ಲ.

ಸರಿ ಆಯ್ತಾ ಅಂತ ನೋಡೋದು, ಆಗ್ದಿದ್ರೆ ದೂರು ಕೊಡೋದು

ರೀಸ್ಟಾರ್ಟ್ ಮಾಡಿ, ಐ/ಓ ರೈಟ್ ಬೈಟ್ಸ್ ಮತ್ತೆ ಬೆಳಗ್ಗೆ, ಮಧ್ಯಾಹ್ನ ನೋಡಿ. ಕಡಿಮೆ ಆಗದೇ ಇದ್ರೆ ಪ್ರೋಗ್ರಾಂ ಮಾಡಿದವರಿಗೇ ಹೇಳ್ಬೇಕು, ಆದ್ರೆ 'ನಿಮ್ಮ ಸಾಫ್ಟ್‌ವೇರ್ ಸ್ಲೋ' ಅಂತ ಬರೆದ್ರೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ ಅಂತ ಉತ್ತರ ಬರತ್ತೆ ಅಷ್ಟೇ. ಪ್ರೋಗ್ರಾಂ ವರ್ಷನ್, ಫೈಲಿನ ಪೂರ್ತಿ ಪಾತ್, ಹತ್ತು ನಿಮಿಷಕ್ಕೆ ಎಷ್ಟು ರೈಟ್ಸ್ ಎಷ್ಟು ಬೈಟ್ಸ್ ಅನ್ನೋದು ಬರೆದು, ಫೈಲ್ ಸಮರಿಯ ಸ್ಕ್ರೀನ್‌ಶಾಟ್ ಹಾಕಿ. ಕೇಳಿದ್ರೆ ಪ್ರೋಸೆಸ್ ಮಾನಿಟರಲ್ಲಿ ಸೇವ್ ಕೊಟ್ಟು ಪಿಎಂಎಲ್ ಫೈಲನ್ನೂ ಕಳಿಸಿ. ಅದರಲ್ಲಿ ನಿಮ್ಮ ಯೂಸರ್ ಹೆಸರು, ಫೋಲ್ಡರ್ ಹೆಸರು, ಆ ಹೊತ್ತಲ್ಲಿ ಬರೆದ ಫೈಲುಗಳ ಹೆಸರು ಎಲ್ಲಾ ಇರತ್ತೆ, ಹಾಗಾಗಿ ಕಂಪನಿ ಸಪೋರ್ಟಿನ ಈಮೇಲಿಗೆ ಮಾತ್ರ ಕಳಿಸಿ, ಯಾರಾದ್ರೂ ನೋಡಿ ಹೇಳಿ ಅಂತ ವಾಟ್ಸಾಪ್ ಗ್ರೂಪಿಗೆ ಹಾಕ್ಬೇಡಿ.