ಹಳೆಯ ಯಂತ್ರಗಳಿಗೆ ಲಿನಕ್ಸ್ ಮಿಂಟ್: ನನ್ನ ಅನುಭವ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ, ವಿಂಡೋಸ್ 11 ಒಪ್ಪದ, ಎಂಟನೇ ತಲೆಮಾರಿಗಿಂತ ಹಿಂದಿನ ಇಂಟೆಲ್ ಪ್ರೊಸೆಸರ್ ಇರುವ ಯಂತ್ರಗಳು ಮಂಡ್ಯದ ನನ್ನ ರಿಪೇರಿ ಅಂಗಡಿಗೆ ಒಂದರ ಹಿಂದೊಂದು ಬರತೊಡಗಿದವು. ಹೊಸದಕ್ಕೆ ಮೂವತ್ತೈದು ಸಾವಿರ ಹೊಂದಿಸಲಾಗದವರಿಗೆ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣಾ ವ್ಯವಸ್ಥೆ ಹಾಕಿಕೊಡುತ್ತೇನೆಂದಾಗ ಪಕ್ಕದ ಅಂಗಡಿಯ ಗೆಳೆಯ, "ಅದು ಇಂಜಿನಿಯರುಗಳ ಆಟ ಕಣಯ್ಯ, ನಾಳೆ ಎಲ್ಲರೂ ನಿನ್ನ ಬಾಗಿಲಲ್ಲೇ ಕೂರ್ತಾರೆ" ಎಂದು ನಕ್ಕಿದ್ದ.

ಮೊದಲೆರಡು ತಿಂಗಳು ಅವನ ಮಾತೇ ನಿಜವಾಯಿತು. ಹತ್ತು ಹನ್ನೆರಡು ಯಂತ್ರಗಳಲ್ಲಿ ನಾಲ್ಕು ವಾಪಸು ಬಂದವು. ಕೂಲಿ ಹಿಂದಿರುಗಿಸಿದ್ದರಲ್ಲೇ ಸುಮಾರು ಮೂರು ಸಾವಿರ ಕೈಬಿಟ್ಟಿತು. ನಿವೃತ್ತ ಮೇಷ್ಟ್ರೊಬ್ಬರು ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು, "ನೋಡಪ್ಪಾ, ಹದಿನೈದು ವರ್ಷದ ಬರಹ, ಒಂದಕ್ಷರವೂ ಓದೋಕೆ ಬರ್ತಿಲ್ಲ" ಎಂದರು. ಪರದೆಯ ತುಂಬ ಕೊಂಬು, ಚುಕ್ಕೆ ಹೊತ್ತ ರೋಮನ್ ಅಕ್ಷರಗಳ ಗಜಿಬಿಜಿ. ಕಡತಗಳು ಕೆಟ್ಟಿರಲಿಲ್ಲ, ಅವು ಈಗಿನ ಯೂನಿಕೋಡ್ ಪದ್ಧತಿಗಿಂತ ಹಿಂದಿನ, ಅದೇ ಫಾಂಟಿದ್ದರಷ್ಟೇ ಕನ್ನಡವಾಗಿ ಕಾಣುವ ಆಸ್ಕಿ ಫಾಂಟಿನಲ್ಲಿದ್ದವು, ಆ ಫಾಂಟನ್ನು ನಾನು ಹಳೆಯ ಡಿಸ್ಕಿನಿಂದ ತೆಗೆದಿಟ್ಟುಕೊಳ್ಳದೆಯೇ ಫಾರ್ಮ್ಯಾಟ್ ಮಾಡಿದ್ದೆ. ಅವರ ಪರಿಚಯದವರಿಂದ ಫಾಂಟ್ ತಂದು ಹಾಕಿದೊಡನೆ ಕನ್ನಡ ಮೂಡಿತು. ಲಿನಕ್ಸಿನಲ್ಲಿ ಕನ್ನಡ ಟೈಪಿಸಲು ನೆರವಾಗುವ ಐಬಸ್‌ನಲ್ಲಿ, ನುಡಿ ತಂತ್ರಾಂಶದಲ್ಲಿ ಬಳಸುವ ಕೆಜಿಪಿ ಕೀಲಿಮಣೆ ವಿನ್ಯಾಸ ಕೊಟ್ಟ ಮೇಲೆ ಅವರ ಬೆರಳುಗಳಿಗೆ ಹೊಸದೇನೂ ಕಲಿಯಬೇಕಾಗಲಿಲ್ಲ.

ಉಳಿದ ಮೂರೂ ಪ್ರಿಂಟರಿನ ಜಗಳ. ಜೆರಾಕ್ಸ್ ಅಂಗಡಿಗಳಲ್ಲೆಲ್ಲ ಕಾಣುವ ಆ ಹಳೆಯ ಲೇಸರ್ ಪ್ರಿಂಟರನ್ನು ನೀವೂ ಬಲ್ಲಿರಿ. ಅದನ್ನು ಹೇಗೆ ಒಲಿಸಿದೆನೆಂಬುದನ್ನು ಇಲ್ಲಿ ಬರೆಯುವುದಿಲ್ಲ, ಎಂಟು ರಾತ್ರಿ ನಿದ್ದೆಗೆಟ್ಟು ಕಲಿತದ್ದು.

ಈಗ ನಾನು ಡಿಸ್ಕನ್ನು ಮುಟ್ಟುವ ಮೊದಲೇ ಪೆನ್‌ಡ್ರೈವಿನಿಂದ ಮಿಂಟ್ ಚಾಲೂ ಮಾಡಿ, ಗಿರಾಕಿಯ ಮನೆಯಲ್ಲೇ, ಅವರದೇ ಪ್ರಿಂಟರಿನಲ್ಲಿ ಒಂದು ಪುಟ ತೆಗೆಸಿ, ಅವರದೇ ಹಳೆಯ ಕಡತವೊಂದನ್ನು ಅವರಿಂದಲೇ ತೆರೆಸುತ್ತೇನೆ. ವೈಫೈ ಹಿಡಿಯದಿದ್ದರೆ ಅಲ್ಲೇ ತಿಳಿಯುತ್ತದೆ. ಆಮೇಲೆ ಹಳೆಯ ಡಿಸ್ಕಿನ ಬದಲು ಸುಮಾರು ಎರಡು ಸಾವಿರದ, ವೇಗದ ಎಸ್‌ಎಸ್‌ಡಿ, ಎಂಟುನೂರು ಕೂಲಿ. ಎಲ್ಲ ಮುಗಿದ ಮೇಲೆ ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಿಸಲು ಟೈಮ್‌ಶಿಫ್ಟ್ ಎಂಬ ತಂತ್ರಾಂಶದಲ್ಲಿ ವ್ಯವಸ್ಥೆಯ ಒಂದು ಪ್ರತಿ.

ನಡುವೆ ಒಂದು ಹುಚ್ಚೂ ಹಿಡಿದಿತ್ತು. ಯಾರಿಗೂ ಬದಲಾವಣೆ ತಿಳಿಯದಿರಲೆಂದು ಐಕಾನು, ಬಣ್ಣ, ಹಿನ್ನೆಲೆ ಚಿತ್ರವನ್ನೆಲ್ಲ ವಿಂಡೋಸಿನಂತೆಯೇ ಅಲಂಕರಿಸಿಕೊಟ್ಟೆ. ಅದರಿಂದ ಕೆಲಸ ಕೆಟ್ಟಿತು: ಜನ ಸಿ ಡ್ರೈವ್ ಹುಡುಕಿದರು, ವಿಂಡೋಸಿನಲ್ಲಷ್ಟೇ ನಡೆಯುವ ಇಎಕ್ಸ್‌ಇ ಕಡತ ಇಳಿಸಿಕೊಂಡು ಒತ್ತಿ ಒತ್ತಿ ಬೇಸತ್ತರು. ಬೇರೆಯದೆಂದು ಕಂಡರೆ ಕೇಳಿ ಕಲಿಯುತ್ತಾರೆ. 2 ಜಿಬಿ ರ‍್ಯಾಮಿನ ಯಂತ್ರವೊಂದಕ್ಕೆ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿದಾಗ ಡೆಸ್ಕ್‌ಟಾಪ್ ಚುರುಕಾಗಿಯೇ ಇತ್ತು, ಬ್ರೌಸರಿನಲ್ಲಿ ನಾಲ್ಕನೇ ಟ್ಯಾಬ್ ತೆರೆದಾಗ ಉಸಿರು ಕಟ್ಟಿತು. 4 ಜಿಬಿಗಿಂತ ಕಡಿಮೆಯಿದ್ದರೆ ಈಗ ಒಪ್ಪಿಕೊಳ್ಳುವುದಿಲ್ಲ.

ಹೀಗೆ ಮೊದಲೇ ಪರೀಕ್ಷಿಸಿ ಹಾಕಿಕೊಟ್ಟವು ನಲವತ್ತರ ಆಸುಪಾಸು, ಮರಳಿ ಬಂದದ್ದು ಎರಡೇ. ವಿಂಡೋಸಿಗೆಂದೇ ಮಾಡಿದ ಲೆಕ್ಕಪತ್ರದ ತಂತ್ರಾಂಶ ಬಳಸುವ ಬೆಲ್ಲದ ಮಂಡಿಯವರಿಗೆ ಮಾತ್ರ ನಾನೇ ಬೇಡವೆನ್ನುತ್ತೇನೆ; ವಿಂಡೋಸ್ ತಂತ್ರಾಂಶಗಳನ್ನು ಲಿನಕ್ಸಿನಲ್ಲಿ ನಡೆಸಲೆಂದಿರುವ ವೈನ್‌ನಲ್ಲಿ ಅದನ್ನು ನಡೆಸಲು ಒಂದು ವಾರ ಹೆಣಗಿ ಕೈಚೆಲ್ಲಿದ್ದೇನೆ.